‘ರಾಷ್ಟ್ರ’ ಬರೆಯಲು ಕಲಿಸಿದ್ದು ಯಾರು?

ಸೂರ್ಯ ಇನ್ನೂ ಜೋಳದ ಹೊಲದ ಆಚೆಗೇ ಇದ್ದಾನೆ. ಸುರೇಬಾನದಿಂದ ರಾಮದುರ್ಗಕ್ಕೆ ಹೋಗುವ ಮೊದಲ ಬಸ್ಸು ಹಾರ್ನ್ ಹೊಡೆದು ಮುಂದೆ ಹೋಗಿದೆ. ಆ ರಸ್ತೆಯ ಪಕ್ಕದ ಪುಟ್ಟ ಊರಿನ ಪ್ರಾಥಮಿಕ ಶಾಲೆಯ ಕಟ್ಟೆಯ ಮೇಲೆ ಇಪ್ಪತ್ತರಷ್ಟು ಮಕ್ಕಳು ಸಾಲಾಗಿ ಕುಳಿತಿದ್ದಾರೆ. ಎಲ್ಲರ ಅಂಗೈಯೂ ಬಾಯಿಯ ಮುಂದಿದೆ. ಅಂಗೈಯಲ್ಲಿ ಚಿಟಿಕೆ ಸೀಮೆಸುಣ್ಣದ ಪುಡಿ.

“ಭೂಪಟ” ಎನ್ನುತ್ತಾರೆ ಎದುರಿಗೆ ನಿಂತ ಮೆಹೆರಾಜ ಟೀಚರ್.

ಮಕ್ಕಳೂ ಕೂಗುತ್ತಾರೆ. ಕೆಲವರ ಪುಡಿ ಹಾರುತ್ತದೆ, ಕೆಲವರದು ಅಲ್ಲಾಡುವುದಿಲ್ಲ.

“ಪುಡಿ ಹಾರಲಿಲ್ಲ ಅಂದ್ರ ನೀವು ‘ಬೂಪಟ’ ಅಂದ್ರಿ. ಉಸರ ಬಿಟ್ಟು ಅನ್ರಿ, ಆಮ್ಯಾಲ ಬರೀರಿ.”

ಸ್ಲೇಟುಗಳ ಮೇಲೆ ಬಳಪ ಕಿರುಗುಟ್ಟುತ್ತದೆ. ಆಮೇಲೆ ‘ಜಲಾಶಯ’. ಮಲಪ್ರಭೆಯ ನೀರು ಕಂಡ ಮಕ್ಕಳೇ ಆದರೂ ಅರ್ಧದಷ್ಟು ಜನ ‘ಜಲಾಸಯ’ ಎಂದು ಬರೆದಿದ್ದಾರೆ. ಆಮೇಲೆ ‘ಅಧ್ಯಕ್ಷ’, ‘ಸಂವಿಧಾನ’. ಎಲ್ಲವೂ ಸಮಾಜ ಪುಸ್ತಕದ ಮಾತುಗಳು. ಕೊನೆಗೆ ಎಲ್ಲರೂ ಹೆದರುವ ‘ರಾಷ್ಟ್ರ’.

“‘ಷ’ ಮನಿ ಮಾಲಕ. ‘ಟ’ ಕೆಳಗ ಬಾಡಿಗಿಗೆ ಅದಾನ. ‘ರ’ಗ ಮನ್ಯಾಗ ಜಾಗಾ ಇಲ್ಲ, ಪಾಪ, ಹೊರಗ ಕಟ್ಟೀ ಮ್ಯಾಲ ಕುಂತಾನ.”

ಮಕ್ಕಳು ನಗುತ್ತಾ ಬರೆಯುತ್ತಾರೆ. ಬಹುಪಾಲು ಸರಿಯಾಗಿಯೇ ಬರೆಯುತ್ತಾರೆ.

ಮೆಹೆರಾಜ ಇಲ್ಲಿ ಅತಿಥಿ ಶಿಕ್ಷಕಿ. ಖಾಯಂ ಶಿಕ್ಷಕರು ಬರುವವರೆಗೆ ಮಾತ್ರ ಕೆಲಸ, ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ. ವೇಳಾಪಟ್ಟಿಯ ಪ್ರಕಾರ ಅವರಿಗೆ ಒಂದು, ಎರಡನೇ ತರಗತಿ ಮಾತ್ರ. ದೊಡ್ಡ ಮಕ್ಕಳಿಗಾಗಿ ನಡೆಸುವ ಈ ಬೆಳಗಿನ ಪಾಠ ಅವರು ತಾವಾಗಿಯೇ ಹಚ್ಚಿಕೊಂಡದ್ದು.

ಅದಕ್ಕೊಂದು ಕಾರಣವಿದೆ. ಸವದತ್ತಿ ಕಡೆಯ ಟೆಂಪೊ ಚಾಲಕ ಲಾಲಸಾಬರ ಮಗಳು ಅವರು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. “ಕಥಿ, ಪದ್ಯ ಎಲ್ಲಾ ಬರತಿತ್ರಿ. ಸಮಾಜ ಪುಸ್ತಕ ತಗದ್ರ ಕಣ್ಣಿಗೆ ಕತ್ತಲಿ. ಪಾಠ ತಿಳೀತಿತ್ತು, ಬರ್ಯಾಕ ಆ ದೊಡ್ಡ ಮಾತ ಬರತಿದ್ದಿಲ್ಲ. ಗೊತ್ತಿದ್ದ ಉತ್ತರಾನೂ ಬಿಟ್ಟ ಬರತಿದ್ನಿ.” ಈ ಊರಿನ ಮಕ್ಕಳೂ ಹಾಗೆಯೇ ಬಿಟ್ಟು ಬರುವುದನ್ನು ಕಂಡು ಅವರು ಸೀಮೆಸುಣ್ಣ ಹಿಡಿದರು.

ಸಂಕಟ ಶುರುವಾದದ್ದು ಶೈಲಜಾ ಬಂದ ಮೇಲೆ. ಬೈಲಹೊಂಗಲದ ಶೈಲಜಾ ಖಾಯಂ ಶಿಕ್ಷಕಿ, ಬಂದದ್ದು ಬೇರೊಂದು ಖಾಲಿ ಹುದ್ದೆಗೆ. ಐದನೇ ತರಗತಿಯೂ ಸಮಾಜ ವಿಷಯವೂ ಅವರ ಪಾಲಿಗೆ ಬಂದವು. ಶಾಲೆಯಲ್ಲಿರುವ ಒಂದೇ ಒಂದು ಭೂಮಿಯ ಗೋಳ ಅವರ ಕಪಾಟು ಸೇರಿತು. ಅವರು ಬಸ್ಸಿಳಿದರೆ ಚೀಲ ಹಿಡಿಯಲು ಮಕ್ಕಳು ಓಡುತ್ತಾರೆ.

ಹೊಟ್ಟೆಕಿಚ್ಚಾಯಿತೇ ಎಂದು ಕೇಳಿದರೆ ಮೆಹೆರಾಜ ಮುಚ್ಚಿಡುವುದಿಲ್ಲ. “ಆತ್ರಿ. ಈಗೂ ಐತಿ. ಆಕಿ ಕೆಟ್ಟಾಕಿ ಇದ್ರ ಚಲೋ ಆಗತಿತ್ತು, ಬೈದು ಹಗರ ಆಗತಿದ್ನಿ. ಆಕಿ ಭಾಳ ಚಲೋ ಮನಶ್ಯಾಳು. ಅದ ದೊಡ್ಡ ತ್ರಾಸ.”

ಕಳೆದ ಚಳಿಗಾಲದಲ್ಲಿ ರಾಮದುರ್ಗದಲ್ಲಿ ಮಕ್ಕಳಿಗೆ ಶುದ್ಧ ಬರಹದ ಸ್ಪರ್ಧೆ ನಡೆಯಿತು. ಅಜ್ಜಿಯ ಹೆಸರನ್ನೇ ಇಟ್ಟುಕೊಂಡಿರುವ ಐದನೇ ತರಗತಿಯ ದೇವಕ್ಕ ಒಂದಕ್ಷರವೂ ತಪ್ಪದೆ ಬರೆದು ಮೊದಲ ಬಹುಮಾನ ಗೆದ್ದಳು. ವೇದಿಕೆಯ ಮೇಲೆ ಯಾರೋ ಮೈಕ್ ಹಿಡಿದು, ನಿಮ್ಮ ಟೀಚರ್ ಯಾರೆಂದು ಕೇಳಿದರು. ಹುಡುಗಿ ತನ್ನ ತರಗತಿಯ ಶಿಕ್ಷಕಿಯ ಹೆಸರು ಹೇಳಿದಳು. ಶೈಲಜಾ ಅವರನ್ನು ಕರೆದು ಶಾಲು ಹೊದಿಸಿದರು. ಸಭಾಂಗಣದ ಬಾಗಿಲ ಬಳಿ, ಸಣ್ಣ ಮಕ್ಕಳ ಚಪ್ಪಲಿ ಕಾಯುತ್ತಾ ಮೆಹೆರಾಜ ನಿಂತಿದ್ದರು.

“ಚಪ್ಪಾಳಿ ನಾನೂ ಹೊಡದೆ. ಕೈ ಹೊಡೀತಿದ್ದು, ಎದಿ ಉರೀತಿತ್ತು. ಹುಡುಗೀದೇನೂ ತಪ್ಪಿಲ್ಲ, ಕ್ಲಾಸ್ ಟೀಚರ್ ಹೆಸರ ಹೇಳ್ತು.”

ಮರುದಿನ ಬೆಳಗಿನ ಪಾಠಕ್ಕೆ ಅವರು ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮಕ್ಕಳು ಬಂದು, ಕಾದು, ತಿರುಗಿ ಹೋದದ್ದನ್ನು ಬಿಸಿಯೂಟದ ಸಿದ್ದಲಿಂಗವ್ವ ಹೇಳಿದಾಗ ಒಳಗೊಳಗೇ ಸಮಾಧಾನವೂ ಆಯಿತಂತೆ. ಆ ಸಮಾಧಾನ ವಾರವೂ ಉಳಿಯಲಿಲ್ಲ. ಒಂದು ಬೆಳಿಗ್ಗೆ ಹಾಲು ತರಲು ಹೊರಟಾಗ ಶಾಲೆಯೊಳಗಿಂದ ಮಕ್ಕಳ ದನಿ ಕೇಳಿತು. ಶೈಲಜಾ ಮೊದಲ ಬಸ್ಸಿಗೇ ಬಂದು ಪಾಠ ನಡೆಸುತ್ತಿದ್ದರು.

“ನಾ ಇಲ್ದನೂ ನಡೀತೈತಿ ಅಂತ ಗೊತ್ತಾದಾಗ ಆದ ಸಂಕಟ, ಆ ಶಾಲು ನೋಡಿದಾಗೂ ಆಗಿರ್ಲಿಲ್ರಿ. ಹಾಲಿನ ಗಿಂಡಿ ಹಿಡ್ಕೊಂಡ ಸೀದಾ ಒಳಗ ಹ್ವಾದೆ.”

ಒಳಗೆ ಬೇರೆಯೇ ಜಗಳ ನಡೆದಿತ್ತು. ಒತ್ತಕ್ಷರದ ನಿಯಮ ಹೇಳುತ್ತಿದ್ದ ಶೈಲಜಾ ಅವರನ್ನು ದೇವಕ್ಕ ಎದ್ದು ನಿಂತು ತಡೆದಿದ್ದಳು. “ಹಂಗಲ್ರಿ ಟೀಚರ್. ‘ಟ’ ಬಾಡಿಗಿಗೆ ಅದಾನ್ರಿ. ಮೆಹೆರಾಜ ಟೀಚರ್ ಹಂಗ ಹೇಳ್ಯಾರ.” ಉಳಿದವರೂ ದನಿಗೂಡಿಸಿದ್ದರು. ಬಾಗಿಲಲ್ಲಿ ಮೆಹೆರಾಜರನ್ನು ಕಂಡ ಶೈಲಜಾ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮುಂದೆ ಚಾಚಿದರು.

“ಬರ್ರಿ, ತಗೋರಿ. ವರ್ಷಾತು, ಏನ್ ಹೇಳಿದ್ರೂ ನಿಮ್ಮ ಹೆಸರ ಹೇಳ್ತಾವ ಇವು. ಕೇಳಿ ಕೇಳಿ ನನಗ ಹೊಟ್ಟಿ ಉರದ ಹೋಗೇತಿ.”

ಈ ಮಾತನ್ನು ನೆನೆಯುವಾಗ ಮೆಹೆರಾಜರ ಮುಖ ಅರಳುತ್ತದೆ. “ಆಕೀಗೂ ಹೊಟ್ಟಿ ಉರೀತೈತಿ ಅಂತ ಕೇಳಿ ಎಷ್ಟ ಖುಷಿ ಆತಂದ್ರ, ಅವತ್ತ ಎರಡ ರೊಟ್ಟಿ ಹೆಚ್ಚಿಗಿ ತಿಂದೆ.”

ಈಗ ಬೆಳಗಿನ ಪಾಠ ಪೂರ್ತಿ ಮೆಹೆರಾಜರದು. ಗೋಳದ ಕಪಾಟಿನ ಕೀಲಿಕೈಯನ್ನು ಶೈಲಜಾ ಇವರ ಕೈಗೇ ಕೊಟ್ಟಿದ್ದಾರೆ. ಇಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತಾರೆ. ಆದರೂ ಬಸ್ಸಿನತ್ತ ಓಡುವ ಮಕ್ಕಳನ್ನು ಕಂಡಾಗ ಮೆಹೆರಾಜ ಬೇರೆ ಕಡೆ ಮುಖ ತಿರುಗಿಸುವುದು ತಪ್ಪಿಲ್ಲ.

ಬರುವ ಜೂನ್‌ಗೆ ಶಾಲೆಗೆ ಇನ್ನೊಬ್ಬರು ಖಾಯಂ ಶಿಕ್ಷಕರು ಬರುತ್ತಾರೆಂಬ ಸುದ್ದಿಯಿದೆ. ಬಂದರೆ ಮೆಹೆರಾಜ ಬೇರೆ ಊರು ಹುಡುಕಬೇಕು. ಏನು ಆಸೆಯಿದೆ ಎಂದು ಕೇಳಿದಾಗ ಅವರು ಸ್ಲೇಟು ಒರೆಸುತ್ತಿದ್ದ ಮಕ್ಕಳತ್ತ ನೋಡಿ, ದನಿ ತಗ್ಗಿಸುತ್ತಾರೆ.

“ಹೊಸಾ ಟೀಚರ್‌ಗೆ ಈ ಹುಡುಗೂರು ಒಂದೀಟು ತ್ರಾಸ ಕೊಡಬೇಕ್ರಿ. ‘ನಮ್ಮ ಮೆಹೆರಾಜ ಟೀಚರ್ ಹಿಂಗ ಹೇಳ್ತಿದ್ದಿಲ್ಲ’ ಅನಬೇಕು. ಒಂದ ವರ್ಷ ಅಂದ್ರ ಸಾಕು. ಆಮ್ಯಾಲ ಮರತ್ರೂ ನಡೀತೈತಿ.”