ಒಡೆಯುವವನ ಮನೆಯ ಬಾಗಿಲುಗಳು

ಹಳೆಯ ಮನೆಗಳನ್ನು ಕೆಡವುವುದೇ ಅವನ ಕಸುಬು. ಎಂಥ ಗಟ್ಟಿ ಗೋಡೆಯಾದರೂ ಅಂಗೈಯಿಂದ ಒಮ್ಮೆ ತಟ್ಟಿ ನೋಡಿ, ಎಲ್ಲಿ ಹೊಡೆದರೆ ಯಾವ ಕಡೆ ಬೀಳುತ್ತದೆಂದು ಹೇಳಿಬಿಡುತ್ತಿದ್ದ. ಜೊತೆಯ ಕೆಲಸಗಾರರು ಅವನನ್ನು ಸುತ್ತಿಗೆ ಎಂದೇ ಕರೆಯುತ್ತಿದ್ದರು. ಆ ಹೆಸರು ಕೈಯಲ್ಲಿದ್ದ ಹತ್ಯಾರದಿಂದ ಬಂತೋ, ಸ್ವಭಾವದಿಂದ ಬಂತೋ ಹೇಳುವುದು ಕಷ್ಟ. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

ಹಗಲೆಲ್ಲ ಒಡೆಯುವ ಈ ಮನುಷ್ಯ ಸಂಜೆ ಮನೆಗೆ ಬಂದರೆ ಒಂದು ಮುರುಕು ಚಿಲಕವನ್ನೂ ಬಿಸಾಡುವ ಆಸಾಮಿಯಲ್ಲ. ಗೋಡೆಗೆ ಕೈ ಹಚ್ಚುವ ಮೊದಲು ಬಾಗಿಲು, ಕಿಟಕಿಗಳನ್ನು ಜೋಪಾನವಾಗಿ ಬಿಡಿಸಿಕೊಳ್ಳುವುದು ಆ ಕಸುಬಿನ ಪದ್ಧತಿ. ಉಳಿದವರು ಅವನ್ನು ಮಾರಿ ಕೈ ತೊಳೆದುಕೊಳ್ಳುತ್ತಿದ್ದರು. ಇವನು ಮಾತ್ರ “ಇಂಥ ಮರ ಈಗ ಎಲ್ಲಿ ಸಿಗುತ್ತೆ?” ಎಂದು ಬೆನ್ನ ಮೇಲೆ ಹೊತ್ತು ಮನೆಗೆ ತರುತ್ತಿದ್ದ. ಇದ್ದದ್ದು ಎರಡು ಕೋಣೆ ಮತ್ತೊಂದು ಅಡುಗೆಮನೆ. ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಒಂದರ ಮೇಲೊಂದು ಒರಗಿಸಿದ ಬಾಗಿಲುಗಳು, ಮಂಚದ ಕೆಳಗೆ ಕಿಟಕಿಗಳು, ಬೀರುವಿನ ಮೇಲೆ ಕೈ ತೊಳೆಯುವ ಬೇಸಿನ್ನುಗಳು, ಡಬ್ಬಿಗಟ್ಟಲೆ ತುಕ್ಕು ಹಿಡಿದ ಕೀಲು. ಮನೆಯ ತುಂಬ ಬಾಗಿಲಿದ್ದರೂ ತೆರೆಯುವುದು ಒಂದೇ, ಅದೂ ಅರ್ಧ. ಬೀದಿಯವರ ಬಟ್ಟೆ ಹೊಲಿದುಕೊಡುತ್ತಿದ್ದ ಅವನ ಹೆಂಡತಿ ಈ ಸಂದಿಗೊಂದಿಯಲ್ಲೇ ಸಂಸಾರ ಮಾಡಬೇಕಿತ್ತು.

“ರೀ, ಊರವರ ಮನೆಯೆಲ್ಲ ಒಡೆದು ಬಯಲು ಮಾಡ್ತೀರಿ. ನಂಗೆ ಕಾಲು ಚಾಚೋಷ್ಟು ಜಾಗ ಮಾಡಿಕೊಡೋಕೆ ಆಗಲ್ವಾ?” ಎಂದು ಅವಳು ಕೇಳಿದರೆ ಅವನ ಮೈಯೆಲ್ಲ ಉರಿಯುತ್ತಿತ್ತು.

“ಬಾಯ್ಮುಚ್ಚು! ಒಂದು ಕೀಲು ಆಚೆ ಹೋದ್ರೂ ನಿನ್ನ ಕಾಲು ಮುರೀತೀನಿ.”

ಆಡಿದ್ದು ಬರಿಯ ಮಾತು, ನಿಜ. ಆದರೂ ಅದು ಬಾಯಿಂದ ಬರಬಾರದಿತ್ತು.

ಒಂದು ದಿನ ಕೆಲಸ ಬೇಗ ಮುಗಿದು ಅವನು ಮನೆಗೆ ಬಂದಾಗ ಎದುರಿಗೆ ಸಾಮಾನು ಸಾಗಿಸುವ ಆಟೋ ನಿಂತಿತ್ತು. ಅವನ ಬಾಮೈದ, ಎಂದರೆ ಹೆಂಡತಿಯ ತಮ್ಮ, ಬಾಗಿಲುಗಳಿಗೆ ಬಿಗಿದಿದ್ದ ಹಗ್ಗವನ್ನು ಕೊಯ್ದು ಮೊದಲನೆಯದಕ್ಕೆ ಕೈ ಹಾಕಿದ್ದ. ಅಕ್ಕನೇ ಹೇಳಿ ಕರೆಸಿದ್ದಳು. ಹಗ್ಗ ಬಿಚ್ಚಿದ ಬಾಗಿಲ ಸಾಲಿನ ಮುಂದೆ ಯಾರೂ ನಿಲ್ಲಬಾರದು; ಇದನ್ನು ಕೆಲಸಕ್ಕೆ ಬಂದ ಹೊಸಬರಿಗೆಲ್ಲ ಬೈದು ಬೈದು ಕಲಿಸಿದವನು ಅವನೇ. ಆದರೆ ಆ ಹೊತ್ತಿನಲ್ಲಿ ಅವನ ಕಣ್ಣಿಗೆ ಕಳ್ಳನೊಬ್ಬ ಕಂಡನೇ ಹೊರತು ಬೇರೇನೂ ಕಾಣಲಿಲ್ಲ.

“ನನ್ನ ಮನೆಗೇ ಕನ್ನ ಹಾಕ್ತೀಯೇನೋ?” ಎಂದು ನುಗ್ಗಿದವನೇ ಬಾಮೈದನ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಚಿಮ್ಮಿತು. ಬಾಮೈದನೇನು ಬಳೆ ತೊಟ್ಟಿರಲಿಲ್ಲ, ತಿರುಗಿ ಹೊಟ್ಟೆಗೆ ಒದ್ದ. “ನಮ್ಮಕ್ಕನ್ನ ಗೋಡೌನಲ್ಲಿ ಇಟ್ಟಿದ್ದೀಯಲ್ಲ ಭಾವ, ನಾಚಿಕೆ ಆಗಲ್ವಾ ನಿಂಗೆ?” ಸುತ್ತಿಗೆ ಅವನ ಕುತ್ತಿಗೆಪಟ್ಟಿ ಹಿಡಿದು ಹೊರಗೆಳೆದ. ಬೀಳದಿರಲೆಂದು ಬಾಮೈದ ಕೈಗೆ ಸಿಕ್ಕಿದ ಬಾಗಿಲಂಚನ್ನು ಭದ್ರವಾಗಿ ಹಿಡಿದುಕೊಂಡ. ಇವನು ಇನ್ನೂ ಜೋರಾಗಿ ಎಳೆದ. “ಬಿಡ್ರೀ, ಸಾಯಿಸಿಬಿಡ್ತೀರಾ?” ಎಂದು ಬಿಡಿಸಲು ಹೆಂಡತಿ ನಡುವೆ ಬಂದಳು. ಅಷ್ಟರಲ್ಲಿ ಇಡೀ ಸಾಲು ಮುಂದಕ್ಕೆ ಬಾಗಿ ಅವಳ ಮೇಲೆ ಬಿತ್ತು.

ಅವಳು ಕೂಗಿದ್ದು ಒಂದೇ ಸಲ.

ಅವನು ಮೇಲಿನ ಬಾಗಿಲನ್ನು ಎತ್ತಿದ. ಎತ್ತಿ ಇಡುವುದೆಲ್ಲಿ? ಎಡಕ್ಕೆ ತಿರುಗಿದರೆ ಬೀರು, ಬಲಕ್ಕೆ ಕಿಟಕಿಗಳ ರಾಶಿ, ಹಿಂದಕ್ಕೆ ಸರಿದರೆ ಮಂಚ; ಬಿದ್ದ ಸಾಲಿನಿಂದಾಗಿ ಹೊರಬಾಗಿಲಲ್ಲಿ ಉಳಿದದ್ದು ಒಬ್ಬ ನುಸುಳುವಷ್ಟೇ ಸಂದಿ. ಭಾರದ ಬಾಗಿಲನ್ನು ಎದೆಗವಚಿಕೊಂಡು ಅವನು ನಿಂತಲ್ಲೇ ಹುಚ್ಚನ ಹಾಗೆ ಸುತ್ತಿದ. ಕೆಳಗೆ ಅವಳ ನರಳಾಟ ಕೇಳುತ್ತಿತ್ತು.

ಬಾಗಿಲನ್ನು ಬಾಮೈದನ ಕೈಗೆ ಕೊಟ್ಟು ಹೊರಗೆ ಓಡಿದ. ಅವಳ ಕಾಲಿನ ಕಡೆಯ ಗೋಡೆಗೆ ಸುತ್ತಿಗೆ ಬೀಸಿದ. ಎಷ್ಟೋ ಗೋಡೆ ಒಡೆದಿದ್ದ, ಯಾವುದರ ಹಿಂದೆಯೂ ಜೀವವಿರಲಿಲ್ಲ. ಈ ಸಲ ಮೆಲ್ಲಗೆ ಹೊಡೆದು ಸಡಿಲ ಮಾಡಿ, ಇಟ್ಟಿಗೆ ಒಳಗೆ ಬೀಳದಂತೆ ಬೆರಳಲ್ಲೇ ಕಿತ್ತ. ಉಗುರು ಕಿತ್ತು ರಕ್ತ ಸುರಿಯಿತು. ಬಾಗಿಲುಗಳನ್ನು ಆ ಕಂಡಿಯಿಂದ ಆಚೆ ಎಳೆದು ಹಾಕಿ ಅವಳನ್ನು ಹೊರತೆಗೆದಾಗ ಬಲಗಾಲು ಮೊಣಕಾಲ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು.

ಆಸ್ಪತ್ರೆಯಿಂದ ಅವಳು ತಮ್ಮನ ಮನೆಗೆ ಹೋದಳು. ಇವನು ನೋಡಲು ಹೋದರೆ ಮುಖ ಗೋಡೆಗೆ ತಿರುಗಿಸಿ ಮಲಗಿದಳು. ಬಾಗಿಲಲ್ಲಿ ಬಾಮೈದ ಹೇಳಿದ್ದು ಇಷ್ಟೇ: “ಮನೆ ಖಾಲಿ ಆದ್ರೆ ಬರ್ತಾಳಂತೆ.”

ಇವನು ಅಲ್ಲಿಂದ ನೇರವಾಗಿ ಮನೆಗೆ ಬಂದು ಕೊಡಲಿ ಎತ್ತಿಕೊಂಡ. ತನ್ನ ಪಂಚಪ್ರಾಣವಾಗಿದ್ದ ಬಾಗಿಲುಗಳನ್ನು ಸೌದೆಯ ಹಾಗೆ ಸೀಳಿದ. ಬೇಸಿನ್ನುಗಳನ್ನು ಅಂಗಳಕ್ಕೆ ಎತ್ತಿ ಅಪ್ಪಳಿಸಿದ. ಕಿಟಕಿಯ ಗಾಜು ಪುಡಿಯಾಗಿ ಕೆನ್ನೆ ಕುಯ್ದರೂ ನಿಲ್ಲಿಸಲಿಲ್ಲ. ಬೀರು, ಮಂಚ, ಪೆಟ್ಟಿಗೆಗಳು, ಕೈಗೆ ಸಿಕ್ಕಿದ್ದೆಲ್ಲ ಮುರಿದು ಬಿತ್ತು. ಅವಳ ಕಾಲು ಮುರಿದದ್ದರ ಸೇಡನ್ನು ಅವುಗಳ ಮೇಲೆ ತೀರಿಸಿಕೊಳ್ಳುತ್ತಿದ್ದ. ಪಾಪ, ಕೆಡವುವುದು ಅವನಿಗೆ ಗೊತ್ತಿತ್ತು, ಬೇಕಾದ್ದು ಬೇಡದ್ದು ಆರಿಸುವುದು ಗೊತ್ತಿರಲಿಲ್ಲ. ಕೊನೆಗೆ ಗೋಡೆಯ ಕಂಡಿ ಮುಚ್ಚಿ, ನೆಲ ತೊಳೆದು, ಹೇಳಿಕಳಿಸಿದ.

ಊರುಗೋಲು ಊರಿಕೊಂಡು ಅವಳು ಒಳಗೆ ಬಂದಳು. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ನಡೆದಳು. ಮುಖ ಅರಳಿತು. “ಎಷ್ಟು ದೊಡ್ಡದಿದೆ ರೀ ನಮ್ಮನೆ!” ಎಂದಳು. ಅವಳು ಒಳಕೋಣೆಗೆ ಹೋದಳು.

“ನನ್ನ ಹೊಲಿಗೆ ಮಿಷನ್ ಎಲ್ಲಿ?”

“ಎಲ್ಲಾ ಖಾಲಿ ಮಾಡು ಅಂದ್ಯಲ್ಲ...”

ಮದುವೆಗೆ ಮುಂಚೆಯೇ ಸ್ವಂತ ದುಡಿದು ಕೊಂಡ ಮಿಷನ್ನು ಅದು. ಅವಳು ಊರುಗೋಲೆತ್ತಿ ಅವನ ಭುಜಕ್ಕೆ ಬಾರಿಸಿದಳು. ಇನ್ನೊಮ್ಮೆ. ಮೂರನೆಯದು ಕಿವಿಗೆ ಬಿದ್ದು ರಕ್ತ ಬಂತು. ಅವನು ಕೈ ಅಡ್ಡ ತರಲಿಲ್ಲ. ಗಂಡನನ್ನು ಒಂದು ದಿನವೂ ಏಕವಚನದಲ್ಲಿ ಮಾತಾಡಿಸದಿದ್ದವಳು ಏದುಸಿರು ಬಿಡುತ್ತಾ ಕೂಗಿದಳು:

“ತುಂಬೋವಾಗ್ಲೂ ನನ್ನ ಕೇಳ್ಲಿಲ್ಲ, ಖಾಲಿ ಮಾಡೋವಾಗ್ಲೂ ಕೇಳ್ಲಿಲ್ಲ. ಈ ಮನೇಲಿ ನಾನು ಅಂತ ಒಬ್ಬಳಿದ್ದೆ ಕಣೋ!”

“ಹೊಸದು ತಂದುಕೊಡ್ತೀನಿ.”

“ನೀನು ಇನ್ನು ಏನೂ ತರಬೇಡ.”

ಹೊರಗೆ ಕಾದಿದ್ದ ತಮ್ಮನ ಹೆಗಲಿಗೆ ಕೈ ಹಾಕಿ ಅವಳು ಆಟೋ ಹತ್ತಿದಳು, ತಿರುಗಿ ನೋಡಲಿಲ್ಲ. ಅವನು ಬರಿ ನೆಲದ ಮೇಲೆ ಕುಸಿದು ಕೂತು ಗೋಳೋ ಎಂದು ಅತ್ತ. ಖಾಲಿ ಮನೆ ಆ ಅಳುವನ್ನು ಅವನಿಗೇ ಮತ್ತೆ ಕೇಳಿಸಿತು.