ಹೊರಟವರು ನಿಲ್ಲುವ ಜಾಗ

ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ವಿಮಾನ ಶಿಕಾಗೊದಲ್ಲಿ ಇಳಿಯುವ ಮುಂಚೆ, ಹೊರಗೆ ಹನ್ನೊಂದು ಡಿಗ್ರಿ ಇದೆ ಎಂದು ಪ್ರಕಟಿಸಿದರು. ಹನ್ನೊಂದು ತಾನೇ, ಊಟಿಯ ಹಾಗಿರುತ್ತದೆ ಎಂದುಕೊಂಡು ಶಾಲು ಹೊದ್ದು ಹೊರಬಂದೆ. ಬಾಗಿಲು ತೆರೆದದ್ದೇ ತಡ, ಮೂಗಿನೊಳಗಿನ ಕೂದಲು ಕೂಡ ಸೆಟೆದುಕೊಂಡಿತು. ಕರೆದೊಯ್ಯಲು ಬಂದಿದ್ದ ನನ್ನ ತಂಗಿಯ ಮಗಳು ವೀಣಾ ಆ ಶಾಲು ನೋಡಿ ಹಣೆ ಚಚ್ಚಿಕೊಂಡಳು.

“ದೊಡ್ಡಮ್ಮ, ಇದು ಫ್ಯಾರನ್‌ಹೀಟ್! ನಮ್ಮ ಲೆಕ್ಕದಲ್ಲಿ ಮೈನಸ್ ಹನ್ನೆರಡು. ಬೇಗ ಕಾರ್ ಹತ್ತಿ.”

ಹಿಂದಿನ ಸೀಟಿನಲ್ಲಿ ನನ್ನ ನಕ್ಷೆಯ ಉದ್ದನೆಯ ಕೊಳವೆಯನ್ನು ಮಲಗಿಸಿದೆವು. ಡೆಟ್ರಾಯಿಟ್ ಪಕ್ಕದ ನೊವೈ ಎಂಬ ಊರಿನ ಕನ್ನಡಿಗರಿಗಾಗಿ ನಾನು ಬರೆದ ಸಮುದಾಯ ಭವನ ಅದರಲ್ಲಿತ್ತು: ನಟ್ಟನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಲ್ಲಿನ ಕಂಬ, ಜಗಲಿ. ಮೈಸೂರಿನ ಕಚೇರಿಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಫ್ಯಾನಿನ ಕೆಳಗೆ ಕೂತು ಬರೆದದ್ದು. ಈಗ ಹೆದ್ದಾರಿಯ ಇಕ್ಕೆಲದಲ್ಲಿ ಸೊಂಟದೆತ್ತರ ಪೇರಿಸಿದ್ದ ಹಿಮ ನೋಡುತ್ತ, ನನ್ನ ಅಂಗಳದಲ್ಲಿ ಅದು ಎಷ್ಟು ಬೀಳಬಹುದು, ಅದನ್ನು ಯಾರು ಎತ್ತಿ ಯಾವ ಬಾಗಿಲಿನಿಂದ ಹೊರಹಾಕಬಹುದು ಎಂದು ಲೆಕ್ಕ ಹಾಕಿದೆ. ಯಾವ ಬಾಗಿಲೂ ಸಾಲುತ್ತಿರಲಿಲ್ಲ. ಭಾನುವಾರ ಮೂರು ಗಂಟೆಗೆ ಭವನ ಸಮಿತಿಯ ಮುಂದೆ ಈ ನಕ್ಷೆ ಬಿಚ್ಚಬೇಕಿತ್ತು. ಅವರು ಒಪ್ಪದಿದ್ದರೆ ಅಲ್ಲೇ ಖಾಲಿ ಬಿದ್ದಿದ್ದ ಕಾರ್ಪೆಟ್ ಅಂಗಡಿಯೊಂದನ್ನು ಕೊಂಡು, ಬಣ್ಣ ಬಳಿದು, ಭವನ ಎಂದು ಹೆಸರಿಡುವವರಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷದಿಂದ ನಾನು ಕಟ್ಟಡಗಳನ್ನು ವಿನ್ಯಾಸ ಮಾಡುತ್ತಿದ್ದೇನೆ, ಮುಕ್ಕಾಲು ಪಾಲು ಕಲ್ಯಾಣ ಮಂಟಪಗಳು. ಈಚಿನ ಮೂರು ವರ್ಷಗಳಲ್ಲಿ ನನಗೆ ಹೊಸದೇನೂ ಹೊಳೆದಿರಲಿಲ್ಲ. ಬಂದವರು ಫೋನ್ ಚಾಚಿ, “ಮೇಡಂ, ಇದೇ ಥರ ಇರ್ಲಿ, ಆದ್ರೆ ಇದಕ್ಕಿಂತ ದೊಡ್ಡದಾಗಿರ್ಲಿ” ಅನ್ನುತ್ತಿದ್ದರು, ನಾನು ಬರೆದುಕೊಡುತ್ತಿದ್ದೆ. ನೊವೈಯ ಕೆಲಸ ಬಂದಾಗಲೂ ಕೈ ತನ್ನ ಪಾಡಿಗೆ ಹಳೆಯ ಅಂಗಳವನ್ನೇ ಬರೆದು ಮುಗಿಸಿತ್ತು. ಈ ಸಲವೂ ಹೀಗೇ ಆದರೆ ಕಚೇರಿಯನ್ನು ಕಿರಿಯರಿಗೆ ಒಪ್ಪಿಸಿ ಸುಮ್ಮನಾಗುವುದೆಂದು ತೀರ್ಮಾನಿಸಿದ್ದೆ. ಯಾರಿಗೂ ಹೇಳಿರಲಿಲ್ಲ, ಹೇಳಲು ಭಯವಾಗುತ್ತಿತ್ತು.

ಶುಕ್ರವಾರ ವೀಣಾ ನನ್ನನ್ನು ಶಿಕಾಗೊದ ಹೊರವಲಯದ ಬೋಲಿಂಗ್‌ಬ್ರೂಕ್‌ನ ತನ್ನ ಮನೆಯಿಂದ ನೇಪರ್‌ವಿಲ್ ಸ್ಟೇಷನ್ನಿಗೆ ಬಿಟ್ಟಳು. ಅಲ್ಲಿಂದ ಪೇಟೆಗೆ ರೈಲು. ಟಿಕೆಟ್ ಏಳು ಡಾಲರಿನ ಆಸುಪಾಸು, ಸುಮಾರು ಮುಕ್ಕಾಲು ಗಂಟೆಯ ದಾರಿ. ಅವಳ ಗಂಡನ ಕೋಟು ತೊಟ್ಟಿದ್ದೆ. ತೋಳು ಎಷ್ಟು ಉದ್ದವಿತ್ತೆಂದರೆ ಟಿಕೆಟ್ ತೋರಿಸಲು ಕೈಯನ್ನು ಹುಡುಕಬೇಕಾಯಿತು. ಸ್ಫೂರ್ತಿ ಬೇಕಾದ ಆರ್ಕಿಟೆಕ್ಟ್‌ಗಳೆಲ್ಲ ಈ ಊರಿಗೆ ಬಂದು ತಲೆಯೆತ್ತಿ ನೋಡುತ್ತಾರೆ. ನಾನೂ ನೋಡಿದೆ. ನದಿಯ ದಂಡೆಯ ಮೇಲೆ ಗಾಜಿನ ಗೋಪುರ, ಕಲ್ಲಿನ ಗೋಪುರ, ಎರಡರ ನಡುವೆ ನುಗ್ಗಿ ಬರುವ ಗಾಳಿ. ಇನ್ನೂರ ನಲವತ್ತು ಫೋಟೊ ತೆಗೆದೆ. ಕತ್ತು ಹಿಡಿದುಕೊಂಡಿತು, ಏನೂ ಹೊಳೆಯಲಿಲ್ಲ.

ಚಳಿ ತಾಳಲಾರದೆ ಒಂದು ಹಳೆಯ ಕಟ್ಟಡದ ತಿರುಗುವ ಬಾಗಿಲೊಳಗೆ ಹೊಕ್ಕೆ. ಗಾಳಿಯನ್ನು ಹೊರಗೇ ಬಿಟ್ಟು ಮನುಷ್ಯರನ್ನು ಮಾತ್ರ ಒಳಗೆ ತರುವ ಆ ಬಾಗಿಲು ಬಹಳ ಹಿಡಿಸಿತು. ಇನ್ನೊಂದು ಸುತ್ತು ಹೋದೆ. ನಾಲ್ಕನೆಯ ಸುತ್ತಿಗೆ ಕಾವಲಿನವನು ಎದ್ದು ಬಂದು, ತಾವು ಒಳಗೆ ಬರುವವರೋ ಹೊರಗೆ ಹೋಗುವವರೋ ಎಂದು ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ಕೇಳಿದ. ಇನ್ನೂ ಗೊತ್ತಾಗಿಲ್ಲ ಎಂದೆ. ಪಾಪ, ಕೂರಲು ತನ್ನ ಕುರ್ಚಿಯನ್ನೇ ತೋರಿಸಿದ.

ಶನಿವಾರ ವೀಣಾಳ ಮನೆಯಲ್ಲಿ ಹನ್ನೊಂದು ಜನರಿಗೆ ಊಟ. ಬಂದವರ ಕೋಟುಗಳೆಲ್ಲ ನಾನು ಮಲಗುವ ಮಂಚದ ಮೇಲೆ ಗುಡ್ಡೆ ಬಿದ್ದವು, ಹನ್ನೊಂದೂ ಕಪ್ಪು. ಬಿಸಿಬೇಳೆ ಬಾತ್ ತಿನ್ನುತ್ತ ಎಲ್ಲರೂ ವೀಸಾ, ಮನೆ ಸಾಲದ ಬಡ್ಡಿ, ಹೊಸ ಫೋನುಗಳ ಮಾತಾಡಿದರು. ನಾನು ಆಕಳಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಎರಡೂ ನಲವತ್ತಕ್ಕೆ ಯಾರೋ “ಸರಿ, ನಾವಿನ್ನು ಹೊರಡ್ತೀವಿ” ಎಂದರು. ಎಲ್ಲರೂ ಎದ್ದರು.

ಎದ್ದರು ಅಷ್ಟೇ, ಹೋಗಲಿಲ್ಲ. ಮುಂಬಾಗಿಲ ಒಳಗೆ ಆರು ಅಡಿಗೆ ಐದು ಅಡಿಯ ಜಾಗ. ಅದರಲ್ಲಿ ಹನ್ನೊಂದು ಜನ, ಇಪ್ಪತ್ತೆರಡು ಬೂಟು. ಒಂದು ಕಾಲಿಗೆ ಬೂಟು ಏರಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಗೋಡೆಗೆ ಕೈ ಊರಿ ನಿಂತಾಗ ಅವರಿಗೆ ನಿಜವಾದ ಮಾತು ಬಂತು. ಒಬ್ಬಾಕೆ ಅಪ್ಪನ ಕಣ್ಣಿನ ಆಪರೇಷನ್ನಿಗೆ ಹೋಗಲಾಗದೆ ಒದ್ದಾಡುತ್ತಿರುವುದನ್ನು ಹೇಳಿದಳು. ಇನ್ನೊಬ್ಬ ಕೆಲಸ ಹೋಗಿ ಮೂರು ವಾರವಾಯಿತೆಂದ. ಊಟದ ಮೇಜಿನ ಮುಂದೆ ಎರಡು ಗಂಟೆ ಕೂತಿದ್ದಾಗ ಅವನ ಬಾಯಿಂದ ಇದು ಬಂದಿರಲಿಲ್ಲ. ಕೋಟಿನೊಳಗೆ ಬೆವರುತ್ತಲೇ ಎಲ್ಲರೂ ಅವನಿಗೆ ಯಾರನ್ನು ಕೇಳಬೇಕು, ಎಲ್ಲಿ ಅಪ್ಲೈ ಮಾಡಬೇಕು ಎಂದು ಹೇಳಿಕೊಟ್ಟರು. ಕೊನೆಯವರು ಹೊರಟಾಗ ಮೂರೂ ಮೂವತ್ತೈದು.

“ಯಾವಾಗಲೂ ಹೀಗೇನೇ?” ಎಂದು ಕೇಳಿದೆ.

“ಇವತ್ತು ಬೇಗ ಹೊರಟ್ರು, ದೊಡ್ಡಮ್ಮ. ಆ ಗೋಡೆ ನೋಡಿ. ವರ್ಷಕ್ಕೊಂದ್ಸಲ ಪೇಂಟ್ ಹೊಡಿಸ್ತೀವಿ.”

ನೋಡಿದೆ. ಭುಜದೆತ್ತರದಲ್ಲಿ ಬಾಗಿಲ ಪಕ್ಕದ ಬಿಳಿಗೋಡೆ ಕೈ ತಗುಲಿ ತಗುಲಿ ಕಂದಿತ್ತು. ನಾನು ಕಟ್ಟಿದ ಮಂಟಪಗಳಲ್ಲೂ ಜನ ಹೀಗೇ ನಿಲ್ಲುತ್ತಿದ್ದರು, ದಾರಿಗೆ ಅಡ್ಡವೆಂದು ನಾನೇ ಗದರಿ ಚದುರಿಸಿದ್ದೆ. ಕೊಳವೆಯನ್ನು ಮಂಚದ ಕೆಳಗೆ ತಳ್ಳಿ, ವೀಣಾಳ ಮಗಳ ಗಣಿತದ ಪುಸ್ತಕದಿಂದ ಚೌಕಳಿ ಹಾಳೆಗಳನ್ನು ಕೇಳಿ ಪಡೆದು ಬರೆಯಲು ಕೂತೆ. ಅಂಗಳ ಹೋಯಿತು. ಬಾಗಿಲ ಒಳಗೆ ಬೆಚ್ಚಗಿನ, ವಿಶಾಲವಾದ ಒಂದು ಕೋಣೆ ಬಂತು, ಹೊರಟವರು ನಿಲ್ಲುವುದಕ್ಕೆಂದೇ. ಮೂರು ವರ್ಷದ ನಂತರ ಪೆನ್ಸಿಲ್ ಹಿಡಿದ ಕೈ ನನ್ನ ಮಾತು ಕೇಳುತ್ತಿತ್ತು. ಖುಷಿಗೆ ತಂಗಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವವಾಗಿತ್ತು, ಬೈದು ಇಟ್ಟಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ನೊವೈಗೆ ಸುಮಾರು ಇನ್ನೂರ ಎಂಬತ್ತು ಮೈಲಿ. ವೀಣಾ ಡ್ರೈವ್ ಮಾಡಿದಳು, ನಾನು ತೊಡೆಯ ಮೇಲೆ ಹಲಗೆಯಿಟ್ಟು ಗೆರೆ ಎಳೆದೆ. ಮಿಷಿಗನ್ ಸೇರುವಾಗ ಹಿಮ ಸುರಿಯಿತು. ದಾರಿಬದಿಯ ವಿಶ್ರಾಂತಿ ತಾಣದಲ್ಲಿ ತಣ್ಣಗಿನ ಚಿತ್ರಾನ್ನ ತಿಂದೆವು. ಮಿಷಿಗನ್ನಿನ ಗಡಿಯಾರ ಶಿಕಾಗೊದ್ದಕ್ಕಿಂತ ಒಂದು ಗಂಟೆ ಮುಂದೆ ಇರುತ್ತದೆಂದು ಅಲ್ಲೇ ಗೊತ್ತಾದದ್ದು. ಮೆಟ್ಟಿಲು ಬರೆಯಲು ಇಟ್ಟುಕೊಂಡಿದ್ದ ಗಂಟೆ ಹೀಗೆ ಕೈಬಿಟ್ಟುಹೋಯಿತು.

“ಪೆನ್ಸಿಲ್‌ದು ತೋರಿಸ್ಬೇಡಿ ದೊಡ್ಡಮ್ಮ. ಆ ಕೊಳವೇನೂ ಹಿಂದೆ ಇಟ್ಟಿದೀನಿ. ಕಂಪ್ಯೂಟರ್ ಪ್ರಿಂಟೇ ತೋರಿಸಿ, ಎಷ್ಟು ಚೆನ್ನಾಗಿದೆ.”

“ಅದರ ಮೇಲೆ ಹಿಮ ಬೀಳುತ್ತೆ ಕಣೆ.”

ಸಮಿತಿಯ ಅಧ್ಯಕ್ಷರು ಧಾರವಾಡದ ಪಾಟೀಲರು. ಡೆಟ್ರಾಯಿಟ್‌ನಲ್ಲಿ ಮೂವತ್ತು ವರ್ಷ ಕಾರಿನ ಬಾಗಿಲುಗಳ ಎಂಜಿನಿಯರ್ ಆಗಿದ್ದವರು, ಈಗ ನಿವೃತ್ತರು, ಒಬ್ಬರೇ ಇರುವವರು. ಸಭೆ ಅವರ ಮನೆಯ ನೆಲಮಾಳಿಗೆಯಲ್ಲಿ, ಆರು ಜನ. ಚಹಾ ತಾವೇ ಮಾಡಿ ತಂದರು. ನಾನು ಚೌಕಳಿ ಹಾಳೆಗಳನ್ನು ಹರಡಿದೆ. ಖಜಾಂಚಿ ಗಾಯತ್ರಿ ತುಮಕೂರಿನವರು, ಮೊದಲು ಬಾಯಿ ಬಿಟ್ಟವರು ಅವರೇ.

“ಮೇಡಂ, ನಮ್ಗೆ ಮುನ್ನೂರು ಜನ ಕೂರೋ ಹಾಲ್ ಬೇಕು. ನೀವು ಚಪ್ಪಲಿ ಬಿಡೋಕೇ ಮೂರನೇ ಒಂದು ಭಾಗ ಕೊಟ್ಟಿದೀರಲ್ಲ!”

“ನಾ ಮೂವತ್ತು ವರ್ಷ ಬಾಗಲಾನ ಮಾಡೇನ್ರಿ,” ಎಂದರು ಪಾಟೀಲರು. “ಬಾಗಲಾ ಅಂದ್ರ ತಗಿಯೂದು, ಹಾಕೂದು. ಅದರಾಗ ನಿಂದ್ರೂದಲ್ಲ.”

ನಾನು ವೀಣಾಳ ಗೋಡೆಯ ಕಥೆ ಹೇಳಿದೆ. ಚೆನ್ನಾಗಿ ಹೇಳಲಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಸಭೆ ಮುಗಿಯಿತು. ಇಮೇಲ್ ಮಾಡುತ್ತೇವೆ ಎಂದರು. ಆ ಮಾತಿನ ಅರ್ಥ ಯಾವ ದೇಶದಲ್ಲೂ ಒಂದೇ. ಹಾಳೆ ಸುತ್ತಿಕೊಂಡು ಮೆಟ್ಟಿಲು ಹತ್ತುವಾಗ ಮೈಸೂರಿನ ಕಚೇರಿಯ ಬೀಗದ ಕೈ ಯಾರಿಗೆ ಕೊಡಬೇಕೆಂದು ಯೋಚಿಸುತ್ತಿದ್ದೆ.

ಮೇಲೆ ಬಾಗಿಲ ಬಳಿ ಎಲ್ಲರೂ ಬೂಟಿಗೆ ಬಗ್ಗಿದರು. ಗಾಯತ್ರಿ ಒಂದು ಬೂಟು ಹಾಕಿ, ಗೋಡೆಗೆ ಕೈ ಊರಿ, ನನ್ನ ಕಡೆ ತಿರುಗಿದರು.

“ಬೇಸಿಗೇಲಿ ನಮ್ಮಮ್ಮ ಬರ್ತಾರೆ ಮೇಡಂ. ಮಂಡಿ ನೋವು, ನಿಂತ್ಕೊಂಡು ಶೂ ಹಾಕ್ಕೊಳ್ಳೋಕಾಗಲ್ಲ. ಅಲ್ಲಿ ಬೆಂಚ್ ಇರುತ್ತಾ?”

ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಬೆಂಚು ಬರೆದೆ. ಇನ್ನೊಬ್ಬರು ಕೋಟುಗಳಿಗೆ ನಂಬರ್ ಹಾಕಿದ ಗೂಟ ಬೇಕೆಂದರು, ಹೋದ ಯುಗಾದಿಗೆ ಅವರು ಬೇರೆಯವರ ಕೋಟು ತೊಟ್ಟು ಮನೆಗೆ ಹೋಗಿದ್ದರಂತೆ. ಮತ್ತೊಬ್ಬರು ಕಾಫಿ ಅಲ್ಲೇ ಸಿಗಬೇಕೆಂದರು. ಹಾಳೆಯ ಒಂದು ತುದಿ ಪಾಟೀಲರು ಹಿಡಿದಿದ್ದರು, ಇನ್ನೊಂದು ಗಾಯತ್ರಿ. ಎಲ್ಲರೂ ಬೇಡಿ ಬೇಡಿ ಕೋಣೆ ಅರ್ಧ ಭವನವನ್ನು ನುಂಗಿತು. ಆಗ ಪಾಟೀಲರು ಗಡಿಯಾರ ನೋಡಿದರು.

“ಏ, ಐದಾತಲ್ಲೋ! ಒಂದು ತಾಸಿನ ಮ್ಯಾಲ ಇಲ್ಲೇ ನಿಂತೇವಿ.”

ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಗಾಯತ್ರಿಯ ಎರಡನೆಯ ಬೂಟು ಇನ್ನೂ ಕೈಯಲ್ಲಿತ್ತು. ಮೊದಲು ನಕ್ಕವರು ಅವರೇ.

“ಕಾರ್ಪೆಟ್ ಅಂಗಡಿ ಬ್ಯಾಡ್ರಿ,” ಎಂದರು ಪಾಟೀಲರು. “ಮೇಡಂ, ನೀವು ಇದನ್ನ ಬರೀರಿ.”

ಉಳಿದವರೂ ಹೂಂಗುಟ್ಟಿದರು. ನನಗೆ ಕಣ್ಣು ತುಂಬಿ ಬಂತು, ಹೀಟರಿನ ಬಿಸಿಗಾಳಿಯೆಂದು ಸುಳ್ಳು ಹೇಳಿದೆ.

ಕಾರು ಹತ್ತಿ, ವೀಣಾ ಎಂಜಿನ್ ಶುರು ಮಾಡಿದ ಮೇಲೆ ಪಾಟೀಲರು ಮನೆಯ ಚಪ್ಪಲಿಯಲ್ಲೇ ಹಿಮದೊಳಗೆ ನಡೆದು ಬಂದು ಗಾಜು ತಟ್ಟಿದರು. ಇಳಿಸಿದೆ.

“ನಮ್ಮ ಮನ್ಯಾಕಿ ಇದ್ದಾಗ ಬಂದ ಮಂದಿ ಹೋಗಾಕ ಎರಡು ತಾಸು ಹಿಡೀತಿತ್ತು, ಮೇಡಂ. ನಾ ಸಿಟ್ಟು ಮಾಡ್ತಿದ್ದೆ. ಈಗ ಎಲ್ಲಾರೂ ಲಗೂನ ಹೋಗಿಬಿಡ್ತಾರ್ರಿ.”

ಅವರ ತಲೆಯ ಮೇಲೆ ಹಿಮ ಬೀಳುತ್ತಲೇ ಇತ್ತು. ಹಾಳೆ ಬಿಚ್ಚಿ, ಭವನದ ಚಾವಣಿಯನ್ನು ಹೊರಗೆ ಕಾರು ಬಂದು ನಿಲ್ಲುವವರೆಗೆ ಚಾಚಿ ಬರೆದು ತೋರಿಸಿದೆ. ಅವರು ಕಿಟಕಿಗೆ ಮೊಣಕೈ ಊರಿ ಬಗ್ಗಿ ನೋಡಿದರು.

“ಇನ್ನೊಂದೀಟು ಅಗಲ ಮಾಡ್ರಿ,” ಎಂದರು. “ಕಾರಿನ ಬಾಗಲಾ ಪೂರಾ ತಗಿಯಾಕ ಬರಬೇಕು.”

ವೀಣಾ ಎಂಜಿನ್ ಆರಿಸಿದಳು.