ಶಿರಾಜ್ ಜೊತೆಗೆ ಶಾಮಿ ಕಬಾಬ್

ಲಿಂಗರಾಜಪುರದ ಆ ಮನೆಯ ಮಹಡಿಗೆ ಬಾಡಿಗೆಗೆ ಹೋದ ದಿನ, ಕೆಳಗಡೆ ಇದ್ದ ಮನೆಯೊಡತಿ ಕೇಳಿದ ಮೊದಲ ಪ್ರಶ್ನೆ, "ಏನ್ ಕೆಲಸ ಬೇಟಾ?"

"ಹೋಟೆಲ್ ಲೈನು" ಅಂದೆ.

ಪೂರ್ತಿ ಸುಳ್ಳಲ್ಲ. ಆದರೆ ನಿಜವೂ ಅಲ್ಲ. ನಂದಿ ಬೆಟ್ಟದ ಕಡೆ ತೋಟ ಇಟ್ಟುಕೊಂಡಿರುವ ಒಂದು ವೈನ್ ಕಂಪನಿಯ ಟೇಸ್ಟಿಂಗ್ ರೂಮು ಇಂದಿರಾನಗರದಲ್ಲಿತ್ತು. ಬಂದವರಿಗೆ ಗ್ಲಾಸಿನಲ್ಲಿ ಎರಡೆರಡು ಗುಟುಕು ಸುರಿದುಕೊಟ್ಟು, ಇದು ಯಾವ ದ್ರಾಕ್ಷಿ, ಯಾವ ಊಟಕ್ಕೆ ಹೊಂದುತ್ತೆ ಅಂತ ವಿವರಿಸುವುದು ನನ್ನ ಕೆಲಸ. ಹೀಗೆ ಅರ್ಧ ಹೇಳಿ ಅರ್ಧ ನುಂಗುವುದು ನನಗೆ ಹೊಸದೇನಲ್ಲ. ವಿಜಯಪುರದಲ್ಲಿರುವ ನನ್ನ ಅವ್ವ ನೆಂಟರಿಗೆಲ್ಲ "ಮಗಳು ಫುಡ್ ಕಂಪನಿಯೊಳಗ ಅದಾಳ" ಅಂತಲೇ ಹೇಳೋದು. ನಮ್ಮ ಕಡೆ ದ್ರಾಕ್ಷಿ ಬೆಳೆಯೋದು ಒಣಗಿಸಿ ಮಾರೋದಕ್ಕೆ. ಅದರ ಇನ್ನೊಂದು ಗತಿಯ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಮನೆಯೊಡತಿಯನ್ನು ಬೀದಿಯ ಮಕ್ಕಳೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಯಜಮಾನರಿಗೆ ಶಿವಾಜಿನಗರದಲ್ಲಿ ಚಪ್ಪಲಿ ಅಂಗಡಿ. ಮಗಳು ಕಮ್ಮನಹಳ್ಳಿಯ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ನಾನು ಹೋದ ಮೊದಲ ತಿಂಗಳೇ ಮೈಸುಡುವ ಜ್ವರ ಬಂತು. ಐದು ದಿನ ಖಾಲಾ ಹೊತ್ತುಹೊತ್ತಿಗೆ ಗಂಜಿ ಮಾಡಿ, ಮಂಡಿನೋವಿನಲ್ಲೂ ತಾವೇ ಮೆಟ್ಟಿಲು ಹತ್ತಿ ತಂದುಕೊಟ್ಟರು. ಜ್ವರ ಬಿಟ್ಟ ಮೇಲೂ ಊಟ ಬರುವುದು ನಿಲ್ಲಲಿಲ್ಲ. ಶುಕ್ರವಾರ ಮಟನ್ ಮಾಡಿದರೆ ನನ್ನ ಪಾಲು ಒಂದು ಸ್ಟೀಲ್ ಡಬ್ಬದಲ್ಲಿ ಬಾಗಿಲ ಹತ್ತಿರ ಇರುತ್ತಿತ್ತು. ಮಟನ್ ತಿನ್ನುವುದನ್ನು ನಾನು ಕಲಿತದ್ದೇ ಅವರ ಕೈಯಡುಗೆಯಿಂದ.

ಒಂದು ದಿನ ಆ ಡಬ್ಬವನ್ನೇ ಮಧ್ಯಾಹ್ನದ ಊಟಕ್ಕೆ ಒಯ್ದೆ. ಒಳಗೆ ಶಾಮಿ ಕಬಾಬ್. ಖೀಮಾವನ್ನು ಕಡಲೆಬೇಳೆ ಜೊತೆ ಬೇಯಿಸಿ, ಅರೆದು, ತಟ್ಟಿ, ಮೊಟ್ಟೆಯಲ್ಲಿ ಅದ್ದಿ ಕರಿದದ್ದು. ಬೆಳಿಗ್ಗೆ ರುಚಿ ನೋಡಲು ತೆರೆದಿದ್ದ ಶಿರಾಜ್ ಬಾಟಲಿ ಎದುರಿಗಿತ್ತು. ಶಿರಾಜ್ ಅಂದರೆ ಕಡುಗೆಂಪು ವೈನು, ಮೂಗಿಗೆ ಕರಿಮೆಣಸಿನ ವಾಸನೆ ಬಡಿಯುತ್ತೆ, ನಾಲಿಗೆಯ ಮೇಲೆ ಕಾಯಿ ನೇರಳೆಯ ಹಾಗೆ ಒಗರು ಹಿಡಿಯುತ್ತೆ. ಕಬಾಬ್ ಬಾಯಲ್ಲಿರುವಾಗಲೇ ಒಂದು ಗುಟುಕು ಕುಡಿದೆ. ಮಾಂಸದ ಜಿಡ್ಡಿಗೆ ಒಗರು ಸಡಿಲವಾಯಿತು, ಮೆಣಸಿಗೆ ಮೆಣಸು ಕೂಡಿಕೊಂಡಿತು. ಎರಡು ವರ್ಷದಿಂದ ನಾನು ಗಿರಾಕಿಗಳಿಗೆ ಬಾಯಿಪಾಠ ಒಪ್ಪಿಸುತ್ತಿದ್ದ ಮಾತು ಅವತ್ತು ಮೊದಲ ಸಲ ನನಗೇ ಅರ್ಥವಾಯಿತು.

ಖುಷಿ ತಡೆಯಲಾರದೆ ಮ್ಯಾನೇಜರಿಗೂ ಒಂದು ತಿನ್ನಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಅಗಿದರು. "ಅಬ್ಬಾ, ಇದನ್ನ ಶನಿವಾರದ ಟೇಸ್ಟಿಂಗಿಗೆ ತರಿಸ್ರೀ. ಈಗ ನಾವು ಕೊಡೋ ಆ ಚೀಸ್ ಪ್ಲೇಟನ್ನ ಜನ ಫೋಟೋ ತೆಗೆದು ಹಾಗೇ ಬಿಟ್ಟು ಹೋಗ್ತಾರೆ."

ಅವತ್ತು ಸಂಜೆ ಖಾಲಾ ಹತ್ತಿರ ಹೋದೆ. "ನಮ್ಮ ಆಫೀಸಲ್ಲಿ ಒಂದು ಪಾರ್ಟಿ ಇದೆ ಖಾಲಾ. ನಿಮ್ಮ ಕಬಾಬ್ ಎಲ್ಲರಿಗೂ ತಿನ್ನಿಸ್ಬೇಕು ಅಂತ ಆಸೆ."

ಅವರ ಮುಖ ಅರಳಿತು. "ಎಷ್ಟ್ ಜನ? ಖಾರ ತಿಂತಾರಾ? ಬರೀ ಕಬಾಬ್ ಸಾಕಾ, ಹಸಿರು ಮಸಾಲೆ ಕೋಳೀನೂ ಮಾಡ್ಲಾ?"

ಹಸಿರು ಮಸಾಲೆ ಅಂದ ಕೂಡಲೆ ನನ್ನ ತಲೆ ಓಡಿದ್ದು ಬಿಳಿ ವೈನಿನ ಕಡೆಗೆ. ಸೋವಿನ್ಯೋ ಬ್ಲಾ ಎಂಬ ದ್ರಾಕ್ಷಿಯ ವೈನು. ನಿಂಬೆಯ ಹುಳಿ, ಆಗತಾನೇ ಕೊಯ್ದ ಹುಲ್ಲಿನ ವಾಸನೆ. ಕೊತ್ತಂಬರಿ ಪುದೀನಕ್ಕೆ ಅದಕ್ಕಿಂತ ಒಳ್ಳೆ ಜೋಡಿ ಎಲ್ಲಿ ಸಿಕ್ಕೀತು? "ಮಾಡಿ ಖಾಲಾ" ಅಂದುಬಿಟ್ಟೆ. ಯಾವ ಪಾರ್ಟಿ, ಅಲ್ಲಿ ಬೇರೆ ಏನಿರುತ್ತೆ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ! ಅವರು ಕೇಳದೇ ಇದ್ದದ್ದಕ್ಕೆ ಒಳಗೊಳಗೇ ನಿಟ್ಟುಸಿರು ಬಿಟ್ಟದ್ದು ಮಾತ್ರ ಚೆನ್ನಾಗಿ ನೆನಪಿದೆ.

ಶನಿವಾರ ಬೆಳಿಗ್ಗೆ ಇಳಿದು ಬಂದಾಗ ಖಾಲಾ ಕೊನೆಯ ಡಬ್ಬದ ಮುಚ್ಚಳ ಒತ್ತುತ್ತಿದ್ದರು. ಕೈಗೆ ಕೊಡುವ ಮುಂಚೆ ಬಿಸ್ಮಿಲ್ಲಾ ಅಂದು, "ತಿಂದೋರಿಗೆಲ್ಲ ಒಳ್ಳೇದಾಗ್ಲಿ, ನಿನಗೆ ಪ್ರಮೋಷನ್ ಆಗ್ಲಿ" ಅಂದರು. ಆಟೋದಲ್ಲಿ ಮೂರು ಡಬ್ಬ ತೊಡೆಯ ಮೇಲೆ ಬಿಸಿಬಿಸಿಯಾಗಿ ಕೂತಿದ್ದವು. ಹಲಸೂರು ದಾಟುವವರೆಗೂ ಆ ಮಾತು ಕಿವಿಯಲ್ಲೇ ಇತ್ತು. ಆಮೇಲೆ ಕೆಲಸ ಶುರುವಾಯಿತು, ಮರೆತೆ.

ಆ ಮಧ್ಯಾಹ್ನದಷ್ಟು ಚೆನ್ನಾದ ಟೇಸ್ಟಿಂಗ್ ನಾನು ಮಾಡಿರಲಿಲ್ಲ. ಕೋಳಿಗೆ ಬಿಳಿ, ಕಬಾಬಿಗೆ ಕೆಂಪು ಅಂತ ಹಂಚಿದೆ. ತುಟಿ ಬಿಗಿದುಕೊಂಡು ಕೂರುತ್ತಿದ್ದ ಗಿರಾಕಿಗಳು ಕೈಯಲ್ಲೇ ತಿಂದು ಬೆರಳು ನೆಕ್ಕಿದರು. ಯಾರ ಅಡುಗೆ ಅಂತ ಕೇಳಿದವರಿಗೆ ಮ್ಯಾನೇಜರು "ಫ್ರೇಜರ್ ಟೌನಿನ ಒಂದು ಮುಸ್ಲಿಂ ಮನೇದು" ಅಂತ ಹೆಮ್ಮೆಯಿಂದ ಹೇಳಿದರು. ಲಿಂಗರಾಜಪುರ ಅನ್ನುವುದಕ್ಕಿಂತ ಅದು ಚೆನ್ನಾಗಿ ಕೇಳುತ್ತೆ ಅಂತ ಅವರ ಲೆಕ್ಕಾಚಾರ. ನಾನು ಪಕ್ಕದಲ್ಲೇ ನಿಂತು ನಕ್ಕೆ.

ಒಂದೇ ಸಲಕ್ಕೆ ನಿಂತಿದ್ದರೆ ಎಡವಟ್ಟು ಅನ್ನಬಹುದಿತ್ತು. ಮುಂದಿನ ತಿಂಗಳು ಮತ್ತೆ ಕೇಳಿದೆ, ಅದರ ಮುಂದಿನ ತಿಂಗಳೂ. ಪ್ರತಿ ಸಲ ಖಾಲಾ "ಏನಂದ್ರು? ಉಪ್ಪು ಸರಿಯಿತ್ತಾ?" ಅಂತ ಕೇಳುತ್ತಿದ್ದರು. ನಾನು ಹೊಗಳಿಕೆಯನ್ನೆಲ್ಲ ತಂದು ಒಪ್ಪಿಸುತ್ತಿದ್ದೆ, ಗ್ಲಾಸುಗಳನ್ನು ಬಿಟ್ಟು.

ಮೂರನೇ ಟೇಸ್ಟಿಂಗ್ ಆಗಿ ನಾಲ್ಕು ದಿನಕ್ಕೆ ಅವರ ಮಗಳು ಮೇಲೆ ಬಂದಳು. ಕೂರು ಅಂದರೂ ಕೂರಲಿಲ್ಲ. ಫೋನ್ ನನ್ನ ಮುಖದ ಮುಂದೆ ಹಿಡಿದಳು. ನಮ್ಮ ಕಂಪನಿಯವರು ಹಾಕಿದ್ದ ವೀಡಿಯೋ. ಮುಚ್ಚಳದ ಮೇಲೆ ಖಾಲಾ ಹೆಸರು ಕೊರೆಸಿದ್ದ ಡಬ್ಬ, ಅದರ ಪಕ್ಕ ತುಂಬಿದ ಕೆಂಪು ಗ್ಲಾಸು.

"ಅಕ್ಕ, ಇದು ನಮ್ಮ ಡಬ್ಬ ಅಲ್ವಾ?"

"ಹೌದು" ಅಂದೆ.

"ಅಮ್ಮಿಗೆ ಗೊತ್ತಾ?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ.

"ನಾನು ಹೇಳಲ್ಲ. ನೀವೇ ಹೇಳಿ." ಅಷ್ಟು ಹೇಳಿ ಇಳಿದು ಹೋದಳು.

ಕಂಪನಿಯವರಿಗೆ ಹೇಳಿ ವೀಡಿಯೋ ಅವತ್ತೇ ಅಳಿಸಿಹಾಕಿಸಿದೆ. ಅದು ಸುಲಭದ ಕೆಲಸ. ಖಾಲಾ ಎದುರು ನಿಂತು ಹೇಳೋದಕ್ಕೆ ಮಾತ್ರ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನದಲ್ಲಿ ಒಮ್ಮೆ ದಾಲ್ಚಾ ಬಂತು, ಒಮ್ಮೆ ಪಾಯಸ ಬಂತು. ಎರಡನ್ನೂ ತಿಂದೆ. ಬೇಡ ಅಂದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತಲ್ಲ.

ಹನ್ನೆರಡನೇ ದಿನ ಭಾನುವಾರ. ಖಾಲಾ ಮೆಟ್ಟಿಲ ಮೇಲೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ನೋಡಿ, "ಬಾ ಬೇಟಾ, ಮುಂದಿನ ಪಾರ್ಟಿ ಯಾವಾಗ? ಈ ಸಲ ಮೀನು ಮಾಡಿಕೊಡ್ತೀನಿ" ಅಂದರು.

ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕೂತು ಹೇಳಿದೆ. ನನ್ನ ಕೆಲಸ ಏನು, ಪಾರ್ಟಿ ಯಾವುದು, ಅವರ ಅಡುಗೆಯನ್ನು ಯಾವುದರ ಜೊತೆ ಬಡಿಸಿದೆ, ಎಷ್ಟು ಸಲ, ಎಲ್ಲ. ಅವರ ಕೈ ಸೊಪ್ಪಿನಲ್ಲೇ ನಿಂತಿತು.

"ಅಡುಗೆಗೆ ಹಾಕಿದ್ರಾ ಅದನ್ನ?"

"ಇಲ್ಲ ಖಾಲಾ. ಪಕ್ಕದಲ್ಲಿ ಇಟ್ಟಿದ್ವಿ ಅಷ್ಟೆ."

"ಕುಡಿಯೋರು ಕುಡೀಲಿ, ಅದು ಅವರಿಗೂ ಅಲ್ಲಾಗೂ ಬಿಟ್ಟಿದ್ದು. ನೀನು ಅಲ್ಲಿ ಕೆಲಸ ಮಾಡ್ತೀಯ, ಅದು ನಿನ್ನ ಹೊಟ್ಟೆಪಾಡು." ಕೈಯಲ್ಲಿದ್ದ ಕಡ್ಡಿಯನ್ನು ಮೊರಕ್ಕೆ ಹಾಕಿದರು. "ನನ್ನ ಕೇಳಿದ್ರೆ ನಾನು ಇಲ್ಲ ಅಂತಿದ್ದೆ. ಅದು ನಿನಗೆ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ. ಅಲ್ವಾ?"

ಹೌದು ಅಂದೆ. ಬೈದಿದ್ದರೆ, ಮನೆ ಖಾಲಿ ಮಾಡು ಅಂದಿದ್ದರೆ ನನಗೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಅವರು ಮೊರ ಎತ್ತಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದರು.

ಸೋಮವಾರ ಮ್ಯಾನೇಜರಿಗೆ, ಇನ್ನು ಆ ಅಡುಗೆ ಬರಲ್ಲ ಅಂದೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ. "ರೆಸಿಪಿ ನೀವೇ ಬರೆದುಕೊಟ್ಟಿದ್ದೀರಲ್ಲ, ನಮ್ಮ ಕುಕ್ ಮಾಡ್ತಾನೆ ಬಿಡಿ." ನಿಜ, ಖಾಲಾ ಮಾಡುವುದನ್ನು ನೋಡಿ ಕಲಿತದ್ದನ್ನು ಮೊದಲ ಟೇಸ್ಟಿಂಗಿನ ಉತ್ಸಾಹದಲ್ಲಿ ಬರೆದುಕೊಟ್ಟಿದ್ದೆ. ಖಾಲಾಗೆ ಆ ಒಂದು ವಿಷಯ ಹೇಳಿಯೇ ಇರಲಿಲ್ಲ. ಎಲ್ಲ ಹೇಳಿದೆ ಅಂದುಕೊಂಡೆನಲ್ಲ, ಎಲ್ಲ ಅಲ್ಲ. ಮೆನುವಿನಲ್ಲಿ ಕಬಾಬಿನ ಹೆಸರಿನ ಹಿಂದೆ ಅವರು ಸೇರಿಸಿದ್ದ 'ಮುಸ್ಲಿಂ ಮನೆಯ' ಅನ್ನುವುದನ್ನು ಜಗಳವಾಡಿ ತೆಗೆಸಿದೆ. ಕಬಾಬ್ ಉಳಿಯಿತು. ರುಚಿ ಅಷ್ಟಕ್ಕಷ್ಟೆ, ಆದರೂ ಜನ ತಿನ್ನುತ್ತಾರೆ. ಆ ಸೋಮವಾರ ಸಂಜೆಯೇ ರೆಸಿಪಿ ಕೊಟ್ಟದ್ದನ್ನೂ ಖಾಲಾಗೆ ಹೇಳಿದೆ. "ಹೂಂ" ಅಂದರು.

ಅವತ್ತಿನಿಂದ ಮೇಲೆ ಊಟ ಬರುವುದು ನಿಂತಿತು. ಮಾತು ನಿಲ್ಲಲಿಲ್ಲ. ನೀರು ಬಂತಾ, ಕರೆಂಟ್ ಬಿಲ್ ಬಂತಾ, ಎಲ್ಲ ಮೊದಲಿನ ಹಾಗೇ. ಬೇಟಾ ಅನ್ನುವುದೂ ತಪ್ಪಲಿಲ್ಲ. ಅದಕ್ಕೇ ನೋವು ಜಾಸ್ತಿ.

ಮುಂದಿನ ರಂಜಾನ್ ಕೊಯ್ಲಿನ ಕಾಲಕ್ಕೇ ಬಂತು. ಕೆಲಸದ ಮೇಲೆ ತೋಟಕ್ಕೆ ಹೋಗಿದ್ದಾಗ ಅಲ್ಲಿಯ ಮೇಲ್ವಿಚಾರಕರನ್ನು ಕೇಳಿ ಶಿರಾಜ್ ದ್ರಾಕ್ಷಿಯ ಕೆಲವು ಗೊಂಚಲು ತಂದೆ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಆದರೆ ಅಂಗಡಿಯ ದ್ರಾಕ್ಷಿಗಿಂತ ಎಷ್ಟೋ ಸಿಹಿ. ಸಂಜೆ ಖಾಲಾ ಬಾಗಿಲಲ್ಲಿ ನಿಂತು ಮೊದಲೇ ಹೇಳಿಬಿಟ್ಟೆ. "ಖಾಲಾ, ಇದು ನಮ್ಮ ಕಂಪನಿ ತೋಟದ್ದು. ವೈನ್ ಮಾಡೋ ದ್ರಾಕ್ಷಿ. ಬರೀ ಹಣ್ಣು. ಬೇಡ ಅಂದ್ರೆ ಬೇಡ ಅನ್ನಿ, ವಾಪಸ್ ತಗೊಂಡು ಹೋಗ್ತೀನಿ."

ಅವರು ಒಂದು ಗೊಂಚಲು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಹಣ್ಣು ಏನ್ ಮಾಡ್ತು ಪಾಪ" ಅಂದು ಮಗಳನ್ನು ಕರೆದು ತೊಳೆಯಲು ಕೊಟ್ಟರು. ಉಪವಾಸ ಬಿಡಲು ಇಟ್ಟಿದ್ದ ಖರ್ಜೂರದ ತಟ್ಟೆಯಲ್ಲೇ ಅದನ್ನೂ ಇಟ್ಟರು. ಆಜಾನ್ ಆಗುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಖರ್ಜೂರ, ನೀರು ಆದ ಮೇಲೆ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ಬೀಜವನ್ನು ಅಂಗೈಗೆ ತೆಗೆದು, "ಸಿಹಿ ಇದೆ. ಬೀಜ ಬಹಳ" ಅಂದರು.

ನಾನು ಮೇಲೆ ಬಂದು ಅನ್ನಕ್ಕಿಟ್ಟೆ.